ಕರಾವಳಿಯ ಅಂಗಳದಲ್ಲಿ ಅಡುಗೆ ಸೊಪ್ಪಿನ ತೋಟ: ಕುಟುಂಬ ನೋಡಿ ಪಾತಿ, ನೀರು ನೋಡಿ ಜಾಗ

ಜೂನ್ ಮೊದಲ ವಾರ ನರ್ಸರಿಗೆ ಹೋಗುವುದು. ಪುದೀನ, ರೋಸ್‌ಮೇರಿ, ಕೊತ್ತಂಬರಿ, ಕರಿಬೇವು, ಒಂದೆಲಗ ಎಲ್ಲವನ್ನೂ ಒಟ್ಟಿಗೆ ತರುವುದು. ಅಂಗಳದ ಬದಿಯಲ್ಲಿ ಒಂದೇ ಸಾಲಿಗೆ ನೆಟ್ಟುಬಿಡುವುದು. ಆಟಿ (ಜುಲೈ–ಆಗಸ್ಟ್‌ನ ತುಳು ತಿಂಗಳು) ಮುಗಿಯುವಷ್ಟರಲ್ಲಿ ಒಂದೆಲಗ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಮಂಗಳೂರು, ಉಡುಪಿ ಕಡೆ ಸೊಪ್ಪಿನ ತೋಟ ಮಾಡಹೊರಟ ಹೆಚ್ಚಿನವರ ಕಥೆ ಇದೇ. ಮರುವರ್ಷವೂ ಹೀಗೇ ಆದ ಮೇಲೆ "ನನ್ನ ಕೈಗುಣ ಸರಿ ಇಲ್ಲ" ಎಂದು ಬಿಟ್ಟುಬಿಡುತ್ತಾರೆ.

ಕೈಗುಣಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾವು ನೋಡಿ ಕಲಿಯುವ ವಿಡಿಯೋಗಳಲ್ಲಿ ಜಾಸ್ತಿ ಬೆಂಗಳೂರಿನ ತಾರಸಿ ತೋಟಗಳದ್ದು. ಅಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ. ನಮ್ಮಲ್ಲಿ 4,000ದ ಹತ್ತಿರ, ಅದೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಲ್ಲಿಯ ಕ್ರಮ ಇಲ್ಲಿ ನಡೆಯುವುದು ಕಷ್ಟ.

ಗಿಡಗಳನ್ನು ಕುಟುಂಬದ ಪ್ರಕಾರ ಗುಂಪು ಮಾಡಿದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಒಂದೇ ಕುಟುಂಬದ ಗಿಡಗಳನ್ನು ಬೆಳೆಸುವ ರೀತಿ ಹೆಚ್ಚುಕಡಿಮೆ ಒಂದೇ. ಅವಕ್ಕೆ ಬರುವ ಹುಳ, ರೋಗವೂ ಹೆಚ್ಚಾಗಿ ಒಂದೇ. ಆದರೆ ಒಂದು ವಿಷಯದಲ್ಲಿ ಮಾತ್ರ ಕುಟುಂಬವನ್ನು ನಂಬಬೇಡಿ: ನೀರು. ಪುದೀನ, ರೋಸ್‌ಮೇರಿ ಎರಡೂ ತುಳಸಿಯ ನೆಂಟರೇ. ಪುದೀನಕ್ಕೆ ಮಣ್ಣು ಯಾವಾಗಲೂ ತೇವ ಇರಬೇಕು, ರೋಸ್‌ಮೇರಿಯ ಬೇರು ಒಂದು ವಾರ ಒದ್ದೆಯಾಗಿದ್ದರೆ ಕೊಳೆಯುತ್ತದೆ. ಅದಕ್ಕೇ ಮೊದಲು ಕುಟುಂಬ ನೋಡಿ ಪಾತಿ, ಆಮೇಲೆ ನೀರು ನೋಡಿ ಪಾತಿಯೊಳಗೆ ಜಾಗ. ಈ ಎರಡು ತೀರ್ಮಾನ ಆಗದೆ ನರ್ಸರಿಗೆ ಹೋಗಬೇಡಿ.

ಹಂತ 1: ಕಾಗದದ ಮೇಲೆ ಐದು ಗುಂಪು (ಮಾರ್ಚ್)

ನಮ್ಮ ಅಡುಗೆಗೆ ಬೇಕಾದದ್ದು ಹೆಚ್ಚಿನಂಶ ಐದು ಗುಂಪಿನಲ್ಲಿ ಬರುತ್ತದೆ.

1. ತುಳಸಿ ಕುಟುಂಬ, ಅಂದರೆ ಲ್ಯಾಮಿಯೇಸಿ: ತುಳಸಿ, ಕಾಮಕಸ್ತೂರಿ, ಪುದೀನ, ದೊಡ್ಡಪತ್ರೆ, ರೋಸ್‌ಮೇರಿ. ಕಾಂಡವನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಇವುಗಳಲ್ಲಿ ಹೆಚ್ಚಿನವಕ್ಕೆ ಎಳೆ ಕಾಂಡ ಚೌಕಾಕಾರ, ಎಲೆಗಳು ಎದುರುಬದುರು ಜೋಡಿ.
2. ಕೊತ್ತಂಬರಿ ಕುಟುಂಬ, ಏಪಿಯೇಸಿ: ಕೊತ್ತಂಬರಿ, ಸಬ್ಬಸಿಗೆ, ಒಂದೆಲಗ (ನಮ್ಮ ತಿಮರೆ), ಉದ್ದೆಲೆಯ ಕಾಡುಕೊತ್ತಂಬರಿ.
3. ಶುಂಠಿ ಕುಟುಂಬ, ಜಿಂಜಿಬರೇಸಿ: ಶುಂಠಿ, ಅರಿಶಿನ, ಮಾವಿನ ಶುಂಠಿ.
4. ಲಿಂಬೆ ಕುಟುಂಬ, ರೂಟೇಸಿ: ಕರಿಬೇವು, ಲಿಂಬೆ. ಜುಮ್ಮನಕಾಯಿಯೂ ಇದೇ ಕುಟುಂಬ, ಆದರೆ ಅದು ಮುಳ್ಳಿನ ದೊಡ್ಡ ಮರ. ಸಣ್ಣ ಅಂಗಳಕ್ಕೆ ಬೇಡ.
5. ಒಂಟಿಗಳು: ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಒಳ್ಳೆಮೆಣಸು (ಕಾಳುಮೆಣಸು), ಗಾಂಧಾರಿ ಮೆಣಸು, ರಂಪೆ (ಪಾಂಡನ್ ಎಲೆ). ಇವು ಬೇರೆಬೇರೆ ಕುಟುಂಬದವು. ಅಡುಗೆಮನೆಗೆ ಒಂದೊಂದು ಗಿಡ ಸಾಕು.

ಹೆಸರು ಬರೆಯುವಾಗಲೇ ಪಕ್ಕದಲ್ಲಿ "ಮಳೆ ತಡೆಯುತ್ತದೆ", "ಮಾಡಿನ (ಸೂರಿನ) ಅಡಿ ಬೇಕು", "ದೀಪಾವಳಿ ನಂತರ" ಎಂದು ಮೂರರಲ್ಲಿ ಒಂದನ್ನು ಗುರುತು ಹಾಕಿ. ಒಂದೆಲಗ, ಕಾಡುಕೊತ್ತಂಬರಿ, ಶುಂಠಿ ಕುಟುಂಬ, ಕರಿಬೇವು, ರಂಪೆ ಮಳೆ ತಡೆಯುತ್ತವೆ. ದೊಡ್ಡಪತ್ರೆ, ಕಾಮಕಸ್ತೂರಿ, ರೋಸ್‌ಮೇರಿಗೆ ಮಾಡು ಬೇಕು. ಕೊತ್ತಂಬರಿ, ಸಬ್ಬಸಿಗೆ ದೀಪಾವಳಿ ನಂತರ.

ಎಲ್ಲವನ್ನೂ ಬೆಳೆಯುವ ಹಠ ಬೇಡ. ಥೈಮ್, ಪಾರ್ಸ್ಲಿ ಇಲ್ಲಿನ ಸೆಕೆಯಲ್ಲಿ ಕೊಡುವ ಸೊಪ್ಪಿಗಿಂತ ತೆಗೆದುಕೊಳ್ಳುವ ಕೆಲಸವೇ ಜಾಸ್ತಿ. ಪಿಜ್ಜಾ ಮೇಲೆ ಹಾಕಲು ಓರಿಗಾನೊ ಬೇಕೆಂದರೆ ದೊಡ್ಡಪತ್ರೆಯ ಎಳೆ ಎಲೆಯನ್ನು ಸಣ್ಣಗೆ ಕೊಚ್ಚಿ ಹಾಕಿ ನೋಡಿ. ಓರಿಗಾನೊದ ಆ ಖಾರದ ವಾಸನೆ ಕೊಡುವ ಕಾರ್ವಕ್ರಾಲ್ ಎಂಬ ಎಣ್ಣೆಯ ಅಂಶ ಇದರಲ್ಲೂ ಇದೆ.

ಬೇಕಾದ ಸಾಮಾನು

ಹಾರೆ, ಪಿಕ್ಕಾಸು, ಒಂದು ಹರಿತ ಕತ್ತರಿ. ಪಾತಿ ಕಟ್ಟಲು ಹಳೆಯ ಕೆಂಪುಕಲ್ಲು. ಅಡಿಯಲ್ಲಿ ನಾಲ್ಕೈದು ತೂತು ಇರುವ 12 ಇಂಚಿನ ಚಟ್ಟಿಗಳು, ಕರಿಬೇವು ಚಟ್ಟಿಯಲ್ಲೇ ಇರಬೇಕಾದರೆ 18 ಇಂಚಿನದ್ದು. ಅಡಿಕೆ ಒಣಗಿಸಲು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಶೀಟ್. ಬೇಸಿಗೆಗೆ 50 ಶೇಕಡದ ನೆರಳು ಬಲೆ. ಹೆಸರಿನ ಪಟ್ಟಿಗೆ ಹಳೆಯ ಅಲ್ಯೂಮಿನಿಯಂ ಶೀಟಿನ ತುಂಡು, ಅದರ ಮೇಲೆ ಮೊಳೆಯಿಂದ ಕೆತ್ತಿ. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಜುಲೈ ತಿಂಗಳಿಗೆ ಅಳಿಸಿ ಹೋಗುತ್ತದೆ. ಚಳಿಗಾಲದಲ್ಲಿ ಶುಂಠಿ, ಅರಿಶಿನ, ಮಾವಿನ ಶುಂಠಿ ಮೂರರ ಎಲೆಯೂ ಒಣಗಿ ಬಿದ್ದ ಮೇಲೆ ಯಾವುದು ಎಲ್ಲಿದೆ ಎಂದು ಹೇಳುವುದು ಈ ಪಟ್ಟಿ ಮಾತ್ರ.

ಹಂತ 2: ಜಾಗ, ಮತ್ತು ನೀರು ಹೋಗುವ ದಾರಿ (ಏಪ್ರಿಲ್)

ಮನೆಯ ಮೂಡುಬದಿ ಸಿಕ್ಕಿದರೆ ಅದೇ ಒಳ್ಳೆಯದು. ಮುಂಗಾರಿನ ಗಾಳಿಮಳೆ ಪಡುವಣದಿಂದ ಹೊಡೆಯುತ್ತದೆ, ಗೋಡೆಯೇ ಅದನ್ನು ತಡೆಯುತ್ತದೆ. ಬೆಳಿಗ್ಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಉರಿಬಿಸಿಲು ತಪ್ಪುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಹೆಚ್ಚಿನ ಸೊಪ್ಪುಗಳಿಗೆ ಸಾಕು. ಕರಿಬೇವು, ಲಿಂಬೆ, ಮಜ್ಜಿಗೆ ಹುಲ್ಲು, ತುಳಸಿಗೆ ಇನ್ನೂ ಜಾಸ್ತಿ ಬೇಕು, ಅವನ್ನು ತೆರೆದ ಕಡೆ ಹಾಕಿ.

ಒಂದು ಪರೀಕ್ಷೆ ಮಾಡಿ. ಪಾತಿ ಬರುವ ಜಾಗದಲ್ಲಿ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಅರ್ಧ ದಿನ ಕಳೆದರೂ ನಿಂತಿದ್ದರೆ ಅಡಿಯಲ್ಲಿ ಗಟ್ಟಿ ಕಲ್ಲೋ ಜೇಡಿಯೋ ಇದೆ ಎಂದೇ ಲೆಕ್ಕ. ಅಲ್ಲಿ ಒಂದೆಲಗ ಮಾತ್ರ ಹಾಕಿ, ಬೇರೆಯದು ಬೇಡ.

ಪಾತಿ ನೆಲದಿಂದ ಒಂದು ಅಡಿ ಎತ್ತರ ಇರಲಿ. ಅಗಲ ಮೂರು ಅಡಿ ಮೀರಬಾರದು, ಎರಡೂ ಬದಿಯಿಂದ ಕೈ ಎಟುಕಬೇಕು. ಎರಡು ಪಾತಿಗಳ ನಡುವೆ ಕಣಿ ತೆಗೆದು, ಇಳಿಜಾರಿನ ಕಡೆಗೆ ಬಾಯಿ ಬಿಡಿ. ಕಣಿ ತೆಗೆಯುವ ಕೆಲಸವನ್ನು ಎಲ್ಲರೂ ಮುಂದೂಡುತ್ತಾರೆ. ಮಳೆ ಹಿಡಿದ ಮೇಲೆ ಅದನ್ನು ಮಾಡಲು ಆಗುವುದಿಲ್ಲ, ಮಣ್ಣು ಹಾರೆಗೆ ಅಂಟಿಕೊಂಡು ಬರುತ್ತದೆ ಅಷ್ಟೇ.

ಹಂಚಿನ ಮಾಡಿನ ನೀರು ಬೀಳುವ ಗೆರೆಯನ್ನೂ ನೋಡಿಕೊಳ್ಳಿ. ಆ ಗೆರೆಯಲ್ಲಿ ನೆಟ್ಟ ಸಸಿ ಒಂದೇ ರಾತ್ರಿಯಲ್ಲಿ ಬೇರು ಸಮೇತ ಎದ್ದು ಬರುತ್ತದೆ. ಗೆರೆಯ ಒಳಗೆ, ಗೋಡೆಗೆ ತಾಗಿ ಇರುವ ಒಣ ಜಾಗವೇ ರೋಸ್‌ಮೇರಿ, ದೊಡ್ಡಪತ್ರೆ ಚಟ್ಟಿಗಳಿಗೆ ಸರಿ.

ಹಂತ 3: ಮಣ್ಣು

ನಮ್ಮ ಕೆಂಪು ಮುರಮಣ್ಣು ಹುಳಿ ಗುಣದ್ದು. ಸತತ ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿರುತ್ತದೆ. ಏಪ್ರಿಲ್‌ನಲ್ಲಿ ಒಂದು ಚದರ ಮೀಟರಿಗೆ ಒಂದೆರಡು ಹಿಡಿ ಡೋಲೋಮೈಟ್ ಅಥವಾ ಕೃಷಿ ಸುಣ್ಣ ಬೆರೆಸಿ, ನೀರು ಚಿಮುಕಿಸಿ ಬಿಡಿ. ಎರಡು ಮೂರು ವಾರ ಬಿಟ್ಟು ಹಟ್ಟಿಗೊಬ್ಬರ ಹಾಕಿ. ಸುಣ್ಣ, ಗೊಬ್ಬರ ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಣ್ಣನ್ನು ಸರಿಯಾಗಿ ಪರೀಕ್ಷೆ ಮಾಡಿಸಬೇಕೆಂದಿದ್ದರೆ ಮಂಗಳೂರಿನ ಕಂಕನಾಡಿ ಮತ್ತು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ.

ಚಟ್ಟಿಗೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಹುಡಿಯಾದ ಹಳೆಯ ಹಟ್ಟಿಗೊಬ್ಬರ, ಒಂದು ಪಾಲು ದಪ್ಪ ಹೊಳೆ ಮರಳು. ಸುಡುಮಣ್ಣು ಸಿಕ್ಕಿದರೆ ಒಂದೆರಡು ಹಿಡಿ ಸೇರಿಸಿ. ರೋಸ್‌ಮೇರಿ, ದೊಡ್ಡಪತ್ರೆಗೆ ಮರಳು ಎರಡು ಪಾಲು, ಗೊಬ್ಬರ ಅರ್ಧ.

ಎರಡು ತಪ್ಪು ಇಲ್ಲಿ ಪದೇಪದೇ ಕಾಣುತ್ತದೆ. ಒಂದು, ಸುಮ್ನೆ ಸಿಗುತ್ತದಲ್ಲ ಎಂದು ಸಮುದ್ರದ ಬದಿಯ ಮರಳು ತಂದು ಹಾಕುವುದು. ಅದರಲ್ಲಿ ಉಪ್ಪಿದೆ. ಇನ್ನೊಂದು, ತೆಂಗಿನ ನಾರಿನ ಹುಡಿಯನ್ನು ಅರ್ಧಕ್ಕರ್ಧ ತುಂಬುವುದು. ಒಣ ಊರಿಗೆ ಅದು ಒಳ್ಳೆಯದು. ನಮ್ಮ ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ.

ಹಂತ 4: ನೆಡುವ ಕ್ರಮ

ಎಲ್ಲವನ್ನೂ ಒಂದೇ ದಿನ ನೆಡಬೇಡಿ. ಕೆಳಗಿನ ಸಾಲಿನಲ್ಲೇ ಹೋಗಿ.

*ಪತ್ತನಾಜೆಗೆ ಮೊದಲು: ಶುಂಠಿ ಕುಟುಂಬ*

ಮೇ ಕೊನೆಯ ವಾರ ಪತ್ತನಾಜೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ವಿಶೇಷ ದಿನ. ಅದರೊಳಗೆ ಗಡ್ಡೆ ಮಣ್ಣಿನಲ್ಲಿರಬೇಕು. ಶುಂಠಿಯನ್ನು 20–25 ಗ್ರಾಂ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಒಂದೆರಡು ಕಣ್ಣು ಇರಲಿ. ಕಡಿದ ಜಾಗ ಒಣಗಲು ಒಂದೆರಡು ದಿನ ನೆರಳಿನಲ್ಲಿ ಬಿಡಿ. ಎರಡು ಇಂಚು ಆಳ, ಒಂದು ಅಡಿ ಅಂತರ. ಮೇಲೆ ಹಸಿ ಸೊಪ್ಪು, ತರಗೆಲೆ ದಪ್ಪವಾಗಿ ಹೊದೆಸಿ. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗದಂತೆ ತಡೆಯುವುದು ಇದೇ. ಜುಲೈ, ಆಗಸ್ಟ್‌ನಲ್ಲಿ ಇನ್ನೊಂದೊಂದು ಸಲ ಸೊಪ್ಪು ಹಾಕಿ.

ತೆಂಗಿನ ಮರದ ಅರೆನೆರಳು ಇವಕ್ಕೆ ಹಿತ. ಅರಿಶಿನಕ್ಕೆ ಸ್ವಲ್ಪ ಜಾಗ ಹೆಚ್ಚೇ ಕೊಡಿ. ನಾಗರ ಪಂಚಮಿಗೆ ಎಲೆ ಕಡುಬು, ಪತ್ತೋಳಿ ಮಾಡುವಾಗ ಅಗಲ ಎಲೆ ಬೇಕೇ ಬೇಕು, ಅಲ್ವಾ? ಆಗ ಒಂದು ಗಿಡದಿಂದ ಒಂದೆರಡು ಎಲೆ ಮಾತ್ರ ಕೊಯ್ಯಿರಿ. ಬುಡದ ಗಡ್ಡೆ ಬೆಳೆಯುವುದು ಆ ಎಲೆಗಳ ಬಲದಿಂದಲೇ. ಹಬ್ಬಕ್ಕೆ ಇಡೀ ಗಿಡ ಬೋಳಿಸಿದವರಿಗೆ ಜನವರಿಯಲ್ಲಿ ಬೆರಳು ಗಾತ್ರದ ಅರಿಶಿನವೂ ಸಿಗುವುದಿಲ್ಲ.

ಅಂಗಡಿಯ ಶುಂಠಿ ನೆಡಬಹುದೇ? ಮೊಳಕೆ ಬರುತ್ತದೆ. ಆದರೆ ಕೊಳೆರೋಗ ಗಡ್ಡೆಯ ಜೊತೆಗೇ ಬರುವುದರಿಂದ, ಹಿಂದಿನ ವರ್ಷ ಆರೋಗ್ಯವಾಗಿದ್ದ ತೋಟದ ಬಿತ್ತನೆ ಗಡ್ಡೆಯೇ ಸುರಕ್ಷಿತ.

*ಮೊದಲ ಮಳೆಗೆ: ಲಿಂಬೆ ಕುಟುಂಬ*

ಕರಿಬೇವನ್ನು ನೆಲಕ್ಕೇ ನೆಡಿ. ದೊಡ್ಡ ಗಿಡದ ಬುಡದಲ್ಲಿ ಎದ್ದ ಮರಿಗಿಡವನ್ನು ಬೇರು ಸಮೇತ ತೆಗೆದು ನೆಟ್ಟರೆ ಸುಲಭ. ಬೀಜವಾದರೆ ಕಪ್ಪಾದ ಹಣ್ಣಿನ ಸಿಪ್ಪೆ, ತಿರುಳು ತೊಳೆದು ಅದೇ ವಾರ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟರೆ ಬೇಗ ಸಾಯುತ್ತದೆ.

ಮೊದಲ ವರ್ಷ ಎಲೆ ಕೀಳುವ ಆಸೆ ಬಿಡಿ. ಗಿಡ ಎರಡೂವರೆ ಅಡಿ ಬಂದಾಗ ತುದಿ ಚಿವುಟಿ, ಆಗ ಕವಲು ಒಡೆಯುತ್ತದೆ. ನಂತರವೂ ಒಂದೊಂದೇ ಎಲೆ ಕೀಳುವ ಬದಲು ಗೆಲ್ಲಿನ ತುದಿಯನ್ನೇ ಕತ್ತರಿಸಿ. ಲಿಂಬೆ ಗಿಡ ಇದರ ಹತ್ತಿರವೇ ಇರಲಿ. ಎರಡಕ್ಕೂ ಒಂದೇ ಚಿಟ್ಟೆಯ ಹುಳ ಬರುತ್ತದೆ, ಒಂದೇ ಸುತ್ತಿನಲ್ಲಿ ನೋಡಿ ಮುಗಿಸಬಹುದು. ಸಣ್ಣ ಹುಳ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ ಇರುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಬೆಳೆದ ಮೇಲೆ ಹಸಿರಾಗುತ್ತದೆ. ಅಷ್ಟರಲ್ಲಿ ಎಳೆ ಗಿಡದ ಅರ್ಧ ಎಲೆ ಖಾಲಿ. ಕೈಯಲ್ಲೇ ಹೆಕ್ಕಿ ತೆಗೆಯಿರಿ.

*ಆಗಸ್ಟ್ ಕೊನೆಯಿಂದ ಅಕ್ಟೋಬರ್: ತುಳಸಿ ಕುಟುಂಬ*

ಈ ಕುಟುಂಬದಲ್ಲಿ ಹೆಚ್ಚಿನವು ಗೆಲ್ಲಿನಿಂದ ಬರುತ್ತವೆ. ನಾಲ್ಕೈದು ಇಂಚಿನ ತುದಿ, ಕೆಳಗಿನ ಎಲೆ ತೆಗೆದು, ಗಿಣ್ಣು ಮಣ್ಣಿನೊಳಗೆ. ಪುದೀನ ಲೋಟದ ನೀರಿನಲ್ಲೂ ಬೇರು ಬಿಡುತ್ತದೆ. ಮಾರ್ಕೆಟಿನಿಂದ ತಂದ ಕಟ್ಟಿನಲ್ಲಿ ಗಟ್ಟಿ ಕಾಂಡದ್ದನ್ನು ಆರಿಸಿ. ಅದನ್ನು ಪಾತಿಗೆ ಮಾತ್ರ ಬಿಡಬೇಡಿ, ಅಗಲ ಚಟ್ಟಿಯಲ್ಲೇ ಇರಲಿ. ನೆಲದಡಿ ಬಳ್ಳಿ ಹರಿಸಿ ಪಕ್ಕದವರನ್ನೆಲ್ಲ ಒತ್ತರಿಸಿಬಿಡುತ್ತದೆ.

ದೊಡ್ಡಪತ್ರೆಯ ಗೆಲ್ಲನ್ನು ಕತ್ತರಿಸಿ ಒಂದು ದಿನ ಬಾಡಲು ಬಿಟ್ಟು ನೆಡಿ. ರಸಭರಿತ ಕಾಂಡ, ಹಸಿ ಗಾಯದಲ್ಲೇ ನೆಟ್ಟರೆ ಕೊಳೆಯುತ್ತದೆ. ಕಾಮಕಸ್ತೂರಿ ಬೀಜದಿಂದ ಬರುತ್ತದೆ. ಬೀಜ ನೀರು ತಾಗಿದೊಡನೆ ಲೋಳೆ ಕಟ್ಟುತ್ತದೆ, ಆದ್ದರಿಂದ ನೆನೆಸದೆ ಒಣ ಬೀಜವನ್ನೇ ಮೇಲ್ಮಣ್ಣಿನ ಮೇಲೆ ಉದುರಿಸಿ, ತೆಳುವಾಗಿ ಮುಚ್ಚಿ. ಹೂ ತೆನೆ ಕಂಡೊಡನೆ ಚಿವುಟಿ. ತುಳಸಿಗೂ ಅದೇ ಕ್ರಮ.

ರೋಸ್‌ಮೇರಿಯನ್ನು ನವೆಂಬರ್‌ನಲ್ಲೇ ಕೊಳ್ಳಿ. ಆರು ತಿಂಗಳು ಬೇರು ಬಿಟ್ಟುಕೊಂಡ ಗಿಡ ಮಾಡಿನ ಅಡಿಯಲ್ಲಿ ಮಳೆಗಾಲ ದಾಟುವ ಸಾಧ್ಯತೆ ಇದೆ. ಮೇ ತಿಂಗಳಲ್ಲಿ ತಂದದ್ದು ದಾಟುವುದು ಅಪರೂಪ.

*ದೀಪಾವಳಿ ನಂತರ: ಕೊತ್ತಂಬರಿ ಕುಟುಂಬ*

ಜಾಸ್ತಿ ಜನ ಸೋಲುವುದು ಇಲ್ಲಿ. ಕೊತ್ತಂಬರಿಯ ಕಾಳು ಒಂದಲ್ಲ, ಎರಡು ಬೀಜ ಸೇರಿದ್ದು. ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಅರ್ಧ ಇಂಚು ಆಳದಲ್ಲಿ ಸಾಲಾಗಿ ಬಿತ್ತಿ. ಪುಡಿಯಾಗುವಷ್ಟು ಒತ್ತಬೇಡಿ. ದಿನಸಿ ಅಂಗಡಿಯ ಕಾಳು ಹಳತಾಗಿರಬಹುದು. ಮೊದಲು ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಎರಡು ವಾರದಲ್ಲಿ ಅರ್ಧವಾದರೂ ಮೊಳೆಯದಿದ್ದರೆ ಬೇರೆ ತನ್ನಿ.

ಕೊತ್ತಂಬರಿ, ಸಬ್ಬಸಿಗೆ ಎರಡಕ್ಕೂ ನೇರ ತಾಯಿಬೇರು. ಸಸಿ ಮಾಡಿ ಕಿತ್ತು ನೆಟ್ಟರೆ ಬೇರಿಗೆ ಪೆಟ್ಟಾಗಿ ಸೊಪ್ಪು ಬಿಡುವ ಮೊದಲೇ ಹೂ ಬಿಡುತ್ತವೆ. ಇರಬೇಕಾದ ಜಾಗದಲ್ಲೇ ಬಿತ್ತಿ. ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಎರಡು ಮೂರು ವಾರಕ್ಕೊಮ್ಮೆ ಒಂದೊಂದು ಸಾಲು ಹಾಕುತ್ತಾ ಹೋದರೆ ಸೊಪ್ಪು ತಪ್ಪುವುದಿಲ್ಲ. ಮಾರ್ಚ್‌ನಲ್ಲಿ ಬಿತ್ತಿದರೆ ಸೆಕೆಗೆ ಬೇಗ ದಂಟೆದ್ದು ಹೂವಾಗುತ್ತದೆ.

ಮಳೆಗಾಲದಲ್ಲಿ ಕೊತ್ತಂಬರಿ ಬೇಕೆಂದರೆ ಉತ್ತರ ಇದೇ ಕುಟುಂಬದಲ್ಲಿದೆ. ಉದ್ದೆಲೆಯ ಕಾಡುಕೊತ್ತಂಬರಿ ನೆರಳು, ತೇವ ಎರಡನ್ನೂ ಇಷ್ಟಪಡುತ್ತದೆ. ಎಲೆಯ ಅಂಚಿನಲ್ಲಿ ಸಣ್ಣ ಮುಳ್ಳು, ವಾಸನೆ ಕೊತ್ತಂಬರಿಯದ್ದೇ, ಸ್ವಲ್ಪ ಜೋರು. ಚಟ್ನಿಗೆ ಹಾಕುವಾಗ ಅಳತೆ ಕಡಿಮೆ ಮಾಡಿ. ಬೀಜ ಮೊಳೆಯಲು ಮೂರು ನಾಲ್ಕು ವಾರ ಹಿಡಿಯಬಹುದು, ಸಸಿ ಸಿಕ್ಕಿದರೆ ಜೂನ್‌ನಲ್ಲೇ ನೆಡಿ. ನಡುವಿನಿಂದ ಏಳುವ ಹೂದಂಟನ್ನು ಕತ್ತರಿಸುತ್ತಿದ್ದರೆ ತುಂಬ ಕಾಲ ಎಲೆ ಕೊಡುತ್ತದೆ.

ತಿಮರೆಗೆ ಹೆಚ್ಚು ಹೇಳಬೇಕಾಗಿಲ್ಲ. ಗಿಣ್ಣು ಇರುವ ಬಳ್ಳಿಯ ತುಂಡು ಒತ್ತಿದರೆ ಹಿಡಿಯುತ್ತದೆ. ಬಚ್ಚಲಿನ ಸಾಬೂನು ನೀರು, ಶೌಚಗುಂಡಿಯ ತೇವ ತಾಗುವಲ್ಲಿ ಮಾತ್ರ ಬೆಳೆಸಬೇಡಿ. ತಂಬುಳಿಗೆ ನಾವು ಅದನ್ನು ಹಸಿಯಾಗಿಯೇ ಅರೆಯುತ್ತೇವೆ.

*ಒಂಟಿಗಳು*

ಮಜ್ಜಿಗೆ ಹುಲ್ಲಿನ ಬುಡ ಸೀಳಿ ಎರಡು ಮೂರು ಹಿಳ್ಳು ಸೇರಿಸಿ ತೋಟದ ಅಂಚಿಗೆ ನೆಡಿ. ಕೊಯ್ಯುವಾಗ ಕೈಗವಸು ಇರಲಿ, ಎಲೆಯ ಅಂಚು ಕೈ ಕುಯ್ಯುತ್ತದೆ. ಒಳ್ಳೆಮೆಣಸಿನ ಕಾಯಿ ಬಿಡುವ ಅಡ್ಡಗೆಲ್ಲಿನಿಂದ ಮಾಡಿದ ಗಿಡ ಪೊದೆಯಾಗಿ ಚಟ್ಟಿಯಲ್ಲೇ ಇರುತ್ತದೆ, ನರ್ಸರಿಯಲ್ಲಿ ಬುಷ್ ಪೆಪ್ಪರ್ ಎಂದು ಕೇಳಿ. ಗಾಂಧಾರಿಯನ್ನು ಶುಂಠಿ ಪಾತಿಯಿಂದ ದೂರ ಇಡಿ. ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಮೆಣಸು, ಬದನೆ, ಟೊಮೆಟೊ, ಶುಂಠಿ ಎಲ್ಲಕ್ಕೂ ತಾಗುತ್ತದೆ. ಕುಟುಂಬದ ಗಡಿ ದಾಟುವ ರೋಗಗಳೂ ಇವೆ ಎಂಬುದು ನೆನಪಿರಲಿ.

ಹಂತ 5: ಮಳೆಗಾಲದ ಕಾವಲು

ಚಟ್ಟಿಗಳ ಅಡಿಯ ತಟ್ಟೆಗಳನ್ನು ಜೂನ್ ಒಂದಕ್ಕೇ ತೆಗೆದಿಡಿ. ನಿಂತ ನೀರಿನಲ್ಲಿ ಬೇರು ಕೊಳೆಯುವುದರ ಜೊತೆಗೆ ಡೆಂಗಿ ಸೊಳ್ಳೆಯೂ ಆಗುತ್ತದೆ. ಚಟ್ಟಿಯನ್ನು ಎರಡು ಹೆಂಚಿನ ತುಂಡಿನ ಮೇಲೆ ಎತ್ತಿ ಇಟ್ಟರೆ ತೂತು ಕಟ್ಟುವುದಿಲ್ಲ. ಪ್ಲಾಸ್ಟಿಕ್ ಶೀಟನ್ನು ಮೇಲ್ಗಡೆ ಮಾತ್ರ ಕಟ್ಟಿ, ಬದಿಗಳನ್ನು ತೆರೆದೇ ಬಿಡಿ. ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ.

ಆಫ್ರಿಕನ್ ಬಸವನಹುಳು ಇರುವ ಕಡೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಹೆಕ್ಕಿ, ಉಪ್ಪುನೀರಿನ ಬಕೆಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೆ ತೊಂದರೆ ಕೊಡುವ ಪರೋಪಜೀವಿ ಅದರಲ್ಲಿರಬಹುದು. ಅದು ಹರಿದಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಲೂಬೇಡಿ.

ಪಕ್ಕದಲ್ಲಿ ಅಡಿಕೆ ತೋಟ ಇದೆಯಾ? ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮೊದಲೇ ಕೇಳಿಕೊಂಡು ಸೊಪ್ಪಿನ ಪಾತಿಗೆ ಶೀಟ್ ಹೊದೆಸಿ. ಆ ಮದ್ದಿನ, ಅಂದರೆ ಮೈಲುತುತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ, ನೀಲಿ ಬಿಳಿ ಕಲೆ ಕಂಡ ಎಲೆಗಳನ್ನು ಅಡುಗೆಗೆ ತರಬೇಡಿ. ಕಿತ್ತೆಸೆದು ಹೊಸ ಚಿಗುರು ಬರುವವರೆಗೆ ಕಾಯಿರಿ.

ವಾರಕ್ಕೊಮ್ಮೆ ಈ ಲಕ್ಷಣಗಳನ್ನು ನೋಡಿ:

ಶುಂಠಿಯ ಕೆಳಗಿನ ಎಲೆ ತುದಿಯಿಂದ ಹಳದಿಯಾಗಿ, ದಂಟು ಮೆಲ್ಲಗೆ ಎಳೆದರೆ ಬುಡದಿಂದಲೇ ಕಿತ್ತು ಬಂದು ನಾತ ಹೊಡೆದರೆ ಅದು ಗಡ್ಡೆ ಕೊಳೆ. ಆ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ದೂರ ಹಾಕಿ, ಕಣಿಯಲ್ಲಿ ನೀರು ಕಟ್ಟಿದೆಯಾ ನೋಡಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ದಂಟಿನಲ್ಲಿ ತೂತು, ಹೊರಗೆ ಹುಡಿ ಕಂಡರೆ ಕಾಂಡ ಕೊರೆಯುವ ಹುಳ. ದಂಟು ಸೀಳಿ ಹುಳ ತೆಗೆದರೆ ಸಾಕು.

ಕಾಮಕಸ್ತೂರಿಯ ಎಲೆ ಮೇಲೆ ಮಾಸಲು ಹಳದಿ, ಅಡಿಯಲ್ಲಿ ಬೂದು ಬೂಷ್ಟು ಇದ್ದರೆ ಔಷಧಿ ಹುಡುಕುತ್ತಾ ಕೂರಬೇಡಿ, ಗಿಡ ಕಿತ್ತುಬಿಡಿ. ಪುದೀನದ ಎಲೆಯಡಿ ಕಿತ್ತಳೆ ಬಣ್ಣದ ಚುಕ್ಕೆ ಬಂದರೆ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಹೊಸ ಚಿಗುರು ಶುದ್ಧವಾಗಿ ಬರಬಹುದು. ಕರಿಬೇವಿನ ಚಿಗುರು ಮುರುಟಿ, ಇರುವೆ ಸಾಲು ಓಡಾಡಿ, ಎಲೆ ಮೇಲೆ ಮಸಿ ಹಿಡಿದಂತಿದ್ದರೆ ರಸ ಹೀರುವ ಕೀಟ. ಮುರುಟಿದ ತುದಿ ಕತ್ತರಿಸಿ, ಮಳೆ ಬಿಟ್ಟ ದಿನ ಸಂಜೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ದ್ರವ ಸೇರಿಸಿ ಸಿಂಪಡಿಸಿ. ಒಂದು ವಾರ ಆ ಎಲೆ ಬಳಸಬೇಡಿ.

ಹಂತ 6: ಬೇಸಿಗೆ

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಬೇಗ ನೀರು ಹಾಕಿ, ಪುದೀನಕ್ಕೆ ನೆರಳು ಬಲೆ ಕಟ್ಟಿ. ಹೊಳೆ, ಹಿನ್ನೀರು, ಸಮುದ್ರದ ಹತ್ತಿರ ಮನೆ ಇದ್ದರೆ ಬಾವಿ ನೀರನ್ನು ಆಗಾಗ ಬಾಯಿಗೆ ಹಾಕಿ ನೋಡಿ. ಏಪ್ರಿಲ್, ಮೇಯಲ್ಲಿ ಉಪ್ಪಾಗುವುದುಂಟು. ನೀರು ಸಾಕಷ್ಟು ಹಾಕಿದರೂ ಎಲೆಯ ತುದಿ, ಅಂಚು ಸುಟ್ಟಂತೆ ಕಂದಾದರೆ ಉಪ್ಪಿನ ಅನುಮಾನ ಪಡಿ. ಗೊಬ್ಬರ ಕಮ್ಮಿಯಾಯಿತೆಂದು ಇನ್ನಷ್ಟು ಹಾಕಿದರೆ ಸಮಸ್ಯೆ ಹೆಚ್ಚುತ್ತದೆ. ನಳ್ಳಿ ನೀರಿಗೆ ಬದಲಿಸಿ, ಚಟ್ಟಿಯ ಅಡಿಯಿಂದ ನೀರು ಹರಿದುಹೋಗುವಷ್ಟು ಒಂದು ಸಲ ಚೆನ್ನಾಗಿ ಹಾಕಿ.

ಹಂತ 7: ಅಗೆಯುವುದು, ಜಾಗ ಬದಲಿಸುವುದು

ಡಿಸೆಂಬರ್, ಜನವರಿಯಲ್ಲಿ ಶುಂಠಿ, ಅರಿಶಿನದ ಎಲೆ ಹಳದಿಯಾಗಿ ಎಲ್ಲ ಒಟ್ಟಿಗೆ ಬೀಳುತ್ತದೆ. ರೋಗವೆಂದು ಹೆದರಬೇಡಿ, ಗಡ್ಡೆ ಬಲಿತಿದೆ. ನೀರು ನಿಲ್ಲಿಸಿ, ಎರಡು ಮೂರು ವಾರ ಬಿಟ್ಟು ಅಗೆಯಿರಿ. ಬಿತ್ತನೆಗೆ ದಪ್ಪ, ಗಾಯವಿಲ್ಲದ ಗಡ್ಡೆಗಳನ್ನು ಆರಿಸಿ ನೆರಳಿನಲ್ಲಿ ಒಣ ಮರಳಿನ ಪದರಗಳ ನಡುವೆ ಇಡಿ.

ಖಾಲಿಯಾದ ಆ ಪಾತಿಗೆ ಮುಂದಿನ ಮೂರು ವರ್ಷ ಶುಂಠಿ ಕುಟುಂಬದ ಯಾವುದನ್ನೂ ಹಾಕಬೇಡಿ, ಮೆಣಸು ಬದನೆಯೂ ಬೇಡ. ಶುಂಠಿ ತೆಗೆದಲ್ಲಿ ಅರಿಶಿನ ಹಾಕಿದರೆ ಜಾಗ ಬದಲಿಸಿದಂತೆ ಆಗುವುದಿಲ್ಲ, ಕೊಳೆರೋಗಕ್ಕೆ ಎರಡೂ ಒಂದೇ. ಜನವರಿಯಲ್ಲಿ ಅದೇ ಸಡಿಲ ಮಣ್ಣಿಗೆ ಕೊತ್ತಂಬರಿಯ ಕೊನೆಯ ಸಾಲು ಬಿತ್ತಬಹುದು. ಏಪ್ರಿಲ್‌ನಲ್ಲಿ ಮತ್ತೆ ಸುಣ್ಣ ಹಾಕುವಾಗ ಹೆಸರಿನ ಪಟ್ಟಿಗಳನ್ನೂ ಹೊಸ ಪಾತಿಗೆ ದಾಟಿಸಿ, ಕಾಗದದ ನಕ್ಷೆಯಲ್ಲಿ ವರ್ಷ ಬರೆದಿಡಿ.